ಎಲ್ಲರ ಪರವಾಗಿ ಯಾರೂ ಮಾತನಾಡದಿರಲಿ

1673ರ ಜೂನ್ 13ರಂದು ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಕಡಲಾಚೆಯ, ಇಂದಿನ ಕೆನಡಾದಲ್ಲಿರುವ, ಕ್ವಿಬೆಕ್‌ಗೆ ಒಂದು ಕಾಗದ ಬರೆದ. ಅದು ಹೋದದ್ದು ಅಲ್ಲಿನ ಗವರ್ನರ್ ಫ್ರಾಂತೆನಾಕ್‌ಗೆ. ಫ್ರಾಂತೆನಾಕ್ ಹಿಂದಿನ ವರ್ಷವಷ್ಟೇ ಅಧಿಕಾರ ವಹಿಸಿಕೊಂಡಿದ್ದ. ಬಂದ ಹೊಸತರಲ್ಲೇ, ಅಕ್ಟೋಬರ್ ತಿಂಗಳಲ್ಲಿ, ಪಾದ್ರಿಗಳು, ಕುಲೀನರು, ನ್ಯಾಯಾಧಿಕಾರಿಗಳು ಮತ್ತು ಸಾಮಾನ್ಯ ಜನರನ್ನು ಜೆಸುಯಿಟರ ಚರ್ಚಿನಲ್ಲಿ ಒಟ್ಟು ಸೇರಿಸಿ ರಾಜನಿಷ್ಠೆಯ ಪ್ರಮಾಣ ಮಾಡಿಸಿದ್ದ. ಅವನ ಮಟ್ಟಿಗೆ ಅದು ರಾಜನಿಗೆ ಸಲ್ಲಿಸಿದ ಗೌರವ. ಮಂತ್ರಿಗೆ ಮಾತ್ರ ಅದರಲ್ಲಿ ಅಪಾಯ ಕಂಡಿತು. ಅವನು ಬರೆದದ್ದರ ಸಾರ ಹೀಗಿತ್ತು: ನಮ್ಮ ರಾಜರು ಬಹಳ ಕಾಲದಿಂದ ಇಂಥ ಮಹಾಸಭೆಗಳನ್ನು ಕರೆದಿಲ್ಲ, ನೀವೂ ಕರೆಯದಿರುವುದೇ ಲೇಸು. ವಸಾಹತು ಇನ್ನಷ್ಟು ಗಟ್ಟಿಯಾದ ಮೇಲೆ, ನಿವಾಸಿಗಳೆಲ್ಲರ ಹೆಸರಿನಲ್ಲಿ ಅಹವಾಲು ಸಲ್ಲಿಸುವ ಪ್ರತಿನಿಧಿಯ ಹುದ್ದೆಯನ್ನೂ ಮೆಲ್ಲನೆ ತೆಗೆದುಹಾಕಿ. ಪ್ರತಿಯೊಬ್ಬನೂ ತನ್ನ ಪರವಾಗಿ ಮಾತನಾಡಲಿ, ಎಲ್ಲರ ಪರವಾಗಿ ಯಾರೂ ಮಾತನಾಡದಿರಲಿ.

ನಾನು ಮಾಂಟ್ರಿಯಲ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ನೆಲೆ ನಿಲ್ಲಲು ಫ್ರೆಂಚ್ ಕಲಿಯಲೇಬೇಕು. ವ್ಯಾಕರಣದ ಪುಸ್ತಕ ಸಾಕೆನಿಸಿದಾಗ ಈ ನೆಲದ ಹಳೆಯ ಸರ್ಕಾರಿ ಕಾಗದಗಳನ್ನು ಓದತೊಡಗಿದೆ. ಕೋಲ್ಬೇರನ ಆ ಮಾತು ಸಿಕ್ಕಿದ ಸಂಜೆ ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ. ನಮ್ಮ ತಾತ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದವರು. ಅವರು ಹೋದ ಮೇಲೆ ಅಟ್ಟದ ಟ್ರಂಕಿನಲ್ಲಿ ಸಿಕ್ಕಿದ ಕಾಗದಗಳಲ್ಲಿ ಹಲವು ಅರ್ಜಿಗಳ ನಕಲುಗಳಿದ್ದವು. ಕೆರೆಯ ಹೂಳು ತೆಗೆಸಬೇಕೆಂದೋ, ಮಳೆ ಹೋದದ್ದರಿಂದ ಕಂದಾಯ ಮನ್ನಾ ಮಾಡಬೇಕೆಂದೋ ಅಮಲ್ದಾರರಿಗೆ ಬರೆದವು. ಪ್ರತಿಯೊಂದೂ ಒಂದೇ ರೀತಿ ಶುರುವಾಗುತ್ತಿತ್ತು: ಈ ಕೆಳಗೆ ರುಜು ಮಾಡಿರುವ ಸಮಸ್ತ ಗ್ರಾಮಸ್ಥರು ಮಾಡಿಕೊಳ್ಳುವ ಮನವಿ. ಕೆಳಗೆ ಐದಾರು ರುಜು, ಉಳಿದದ್ದೆಲ್ಲ ಹೆಬ್ಬೆಟ್ಟು. ಆ ಸಮಸ್ತರಲ್ಲಿ ಊರಿನ ಎಲ್ಲ ಕೇರಿಗಳೂ ಸೇರಿದ್ದವೇ ಎಂಬ ಪ್ರಶ್ನೆ ಬೇರೆ. ಆದರೆ ‘ಸಮಸ್ತ’ ಎಂಬ ಪದವನ್ನೇ ಬರೆಯಕೂಡದು ಎಂದು ಒಬ್ಬ ಮಂತ್ರಿ ಕಾಗದ ಬರೆಯಬಹುದು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಅಂದಿನಿಂದ ನ್ಯೂ ಫ್ರಾನ್ಸನ್ನು, ಅಂದರೆ ಇಲ್ಲಿದ್ದ ಆ ಫ್ರೆಂಚ್ ವಸಾಹತನ್ನು, ನಾನು ಆ ಒಂದು ಸಾಲಿನ ಬೆಳಕಿನಲ್ಲೇ ನೋಡುತ್ತಾ ಬಂದಿದ್ದೇನೆ.

ಕ್ವಿಬೆಕ್ ಹುಟ್ಟಿದ್ದು 1608ರಲ್ಲಿ, ಶಾಂಪ್ಲೇನ್ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ಒಂದು ಮರದ ಕೋಟೆ ಕಟ್ಟಿದಾಗ. ಮೊದಲ ಐವತ್ತು ಚಿಲ್ಲರೆ ವರ್ಷ ಅದು ಕಂಪನಿಗಳ ಆಸ್ತಿ. ಬೀವರ್ ಎಂಬ ನೀರುಪ್ರಾಣಿಯ ತುಪ್ಪಳಕ್ಕೆ ಯುರೋಪಿನ ಟೋಪಿ ತಯಾರಕರಲ್ಲಿ ಎಲ್ಲಿಲ್ಲದ ಬೇಡಿಕೆಯಿತ್ತು. ಆ ವ್ಯಾಪಾರದ ಏಕಸ್ವಾಮ್ಯ ಪಡೆದ ಕಂಪನಿಗಳು ಪ್ರತಿಯಾಗಿ ಜನರನ್ನು ಕರೆತಂದು ನೆಲೆಗೊಳಿಸಬೇಕಿತ್ತು. ತುಪ್ಪಳ ಹಡಗು ಹತ್ತಿತು, ಜನ ಬರಲಿಲ್ಲ. 1663ರಲ್ಲಿ ಇಪ್ಪತ್ತನಾಲ್ಕರ ಯುವಕ ಲೂಯಿ ಕಂಪನಿಯ ಕೈಯಿಂದ ವಸಾಹತನ್ನು ಕಿತ್ತುಕೊಂಡು ತನ್ನ ನೇರ ಆಳ್ವಿಕೆಗೆ ತಂದಾಗ, ಆ ವಿಶಾಲ ನಾಡಿನಲ್ಲಿ ಫ್ರೆಂಚರು ಸುಮಾರು ಮೂರು ಸಾವಿರ ಮಂದಿ. ನಮ್ಮ ಒಂದು ದೊಡ್ಡ ಹೋಬಳಿ ಊರಿನಷ್ಟು ಜನ.

ಆ ಮೂರು ಸಾವಿರ ಮಂದಿಯ ಮೇಲೆ ಫ್ರಾನ್ಸಿನ ಒಂದು ಇಡೀ ಪ್ರಾಂತ್ಯದ ಆಡಳಿತ ಯಂತ್ರವನ್ನು ತಂದು ಕೂರಿಸಲಾಯಿತು. ಮೇಲೆ ಗವರ್ನರ್ ಜನರಲ್: ಕುಲೀನ, ಸೇನಾನಿ, ಯುದ್ಧ ಮತ್ತು ಮೂಲನಿವಾಸಿ ರಾಷ್ಟ್ರಗಳೊಡನೆ ಮಾತುಕತೆ ಅವನ ಪಾಲು. ಅವನ ಪಕ್ಕದಲ್ಲಿ ಇಂಟೆಂಡೆಂಟ್: ನ್ಯಾಯ, ಹಣಕಾಸು, ಮಾರುಕಟ್ಟೆ, ರಸ್ತೆ, ಬೆಂಕಿ, ಬ್ರೆಡ್ಡಿನ ತೂಕ ಎಲ್ಲವೂ ಅವನ ಪಾಲು. ಮೂರನೆಯವನು ಬಿಷಪ್. ಮೂವರೂ ಕೆಲವು ಕೌನ್ಸಿಲರ್‌ಗಳೊಡನೆ ಕೂಡುವ ಸಾರ್ವಭೌಮ ಕೌನ್ಸಿಲ್ ಅತ್ಯುನ್ನತ ನ್ಯಾಯಾಲಯ. ರಾಜಾಜ್ಞೆಗಳನ್ನು ದಾಖಲಿಸಿಕೊಳ್ಳುವುದೂ ಅದರ ಕೆಲಸ. ಈ ಅಧಿಕಾರಗಳ ಗಡಿಗಳು ಸ್ಪಷ್ಟವಾಗಿರಲಿಲ್ಲ, ಹಾಗಾಗಿ ಜಗಳ ತಪ್ಪಲಿಲ್ಲ. ಮೂಲನಿವಾಸಿಗಳಿಗೆ ಬ್ರಾಂದಿ ಮಾರುವವರನ್ನು ಬಿಷಪ್ ಲಾವಾಲ್ ಧರ್ಮಭ್ರಷ್ಟರೆಂದು ಸಾರಿದರೆ, ಬ್ರಾಂದಿ ಇಲ್ಲದಿದ್ದರೆ ತುಪ್ಪಳವೆಲ್ಲ ಇಂಗ್ಲಿಷರ ಪಾಲಾಗುತ್ತದೆ ಎಂದು ವ್ಯಾಪಾರಿಗಳೂ ಆಡಳಿತಗಾರರೂ ವಾದಿಸಿದರು. ಕೌನ್ಸಿಲಿನ ಅಧ್ಯಕ್ಷನೆಂದು ಯಾರನ್ನು ಕರೆಯಬೇಕು ಎಂಬುದರ ಮೇಲೆ ಫ್ರಾಂತೆನಾಕ್ ಮತ್ತು ಇಂಟೆಂಡೆಂಟ್ ದುಷೆನೋ ಎಷ್ಟು ಕಾದಾಡಿದರೆಂದರೆ, 1682ರಲ್ಲಿ ರಾಜ ಇಬ್ಬರನ್ನೂ ಒಟ್ಟಿಗೆ ವಾಪಸು ಕರೆಸಿಕೊಂಡ.

ಜಗಳದ ತೀರ್ಪಿಗೂ ಕಾಯಬೇಕಿತ್ತು. ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಸೇಂಟ್ ಲಾರೆನ್ಸ್ ಹೆಪ್ಪುಗಟ್ಟಿರುತ್ತಿತ್ತು. ಶರತ್ಕಾಲದ ಕೊನೆಯ ಹಡಗಿನಲ್ಲಿ ದೂರು ಹೋದರೆ, ಉತ್ತರ ಬರುವುದು ಮುಂದಿನ ಬೇಸಿಗೆಗೆ. ಇಲ್ಲಿನ ಫೆಬ್ರುವರಿಯಲ್ಲಿ ಕಿಟಕಿಯ ಬಳಿ ನಿಂತು ಬಿಳಿಯ ನದಿಯನ್ನು ನೋಡುವಾಗ, ಈ ಆಳ್ವಿಕೆಯ ನಿಜವಾದ ಸ್ವರೂಪ ನನಗೆ ಅರ್ಥವಾಗುತ್ತದೆ. ಕಾಗದದ ಮೇಲೆ ರಾಜನದು ಸಂಪೂರ್ಣಾಧಿಕಾರ. ನದಿ ಹೆಪ್ಪುಗಟ್ಟಿದ ತಿಂಗಳುಗಳಲ್ಲಿ ಅದೇ ಅಧಿಕಾರ ಇಲ್ಲಿದ್ದವರ ವಿವೇಕ, ಸ್ವಭಾವ, ಹಟಗಳ ಮೇಲೆ ನಡೆಯುತ್ತಿತ್ತು. 1685ರಲ್ಲಿ ಸೈನಿಕರ ಸಂಬಳದ ಹಣ ಬಾರದೆ ಇಂಟೆಂಡೆಂಟ್ ದ ಮ್ಯೂಲ್ ದಾರಿಗಾಣದೆ, ಇಸ್ಪೀಟ್ ಎಲೆಗಳನ್ನು ತರಿಸಿ, ಕೆಲವನ್ನು ಇಡಿಯಾಗಿ ಕೆಲವನ್ನು ಕತ್ತರಿಸಿ, ಮೇಲೆ ಬೆಲೆ ಬರೆದು ರುಜು ಹಾಕಿ ಹಣವಾಗಿ ಹಂಚಿದ. ಹಡಗು ಬಂದ ಮೇಲೆ ನಾಣ್ಯ ಕೊಟ್ಟು ಎಲೆಗಳನ್ನು ಹಿಂದಕ್ಕೆ ಪಡೆದ. ಆ ಕ್ರಮ ಫ್ರೆಂಚ್ ಆಳ್ವಿಕೆ ಮುಗಿಯುವವರೆಗೂ ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು.

ರಾಜನನ್ನು ನಿರ್ದಯಿ ಎನ್ನುವಂತಿಲ್ಲ. ಅವನು ತನ್ನನ್ನು ಈ ಜನರ ತಂದೆಯೆಂದೇ ಭಾವಿಸಿದ್ದ, ತಂದೆಯ ಕೆಲಸಗಳನ್ನೂ ಮಾಡಿದ. 1665ರಲ್ಲಿ ಕಾರಿನ್ಯಾಂ ಸಾಲಿಯೇರ್ ರೆಜಿಮೆಂಟಿನ ಸುಮಾರು 1,200 ಸೈನಿಕರನ್ನು ಕಳುಹಿಸಿದ. ಇರಾಕ್ವಾ ಮೂಲನಿವಾಸಿಗಳೊಡನೆ ಯುದ್ಧ ಮುಗಿದ ಮೇಲೆ ಅವರಲ್ಲಿ ಸುಮಾರು 400 ಮಂದಿ ಇಲ್ಲೇ ಉಳಿದರು. ಅದೇ ವರ್ಷ ಬಂದ ಮೊದಲ ಇಂಟೆಂಡೆಂಟ್ ಜಾಂ ತಾಲೋಂ ಮರುವರ್ಷ ಜನಗಣತಿ ಮಾಡಿಸಿದ: ಒಟ್ಟು 3,215 ಮಂದಿ, ಅದರಲ್ಲಿ ಗಂಡಸರು 2,034, ಹೆಂಗಸರು 1,181. ಆ ಎರಡು ಅಂಕಿಗಳ ಅಂತರವೇ ಮುಂದಿನ ಹತ್ತು ವರ್ಷಗಳ ರಾಜನೀತಿಯನ್ನು ನಿರ್ಧರಿಸಿತು. ಇನ್ನೂ ಹೆಚ್ಚು ಜನರನ್ನು ಕಳುಹಿಸಿ ಎಂದು ತಾಲೋಂ ಕೇಳಿದಾಗ, ಕೆನಡಾವನ್ನು ತುಂಬಲು ಫ್ರಾನ್ಸನ್ನು ಬರಿದು ಮಾಡುವುದು ವಿವೇಕವಲ್ಲ ಎಂದು ಕೋಲ್ಬೇರ್ ಉತ್ತರಿಸಿದ. ಗಂಡಸರನ್ನು ಕಳುಹಿಸಲು ಹಿಂಜರಿದ ಅರಮನೆ ಹೆಣ್ಣುಮಕ್ಕಳನ್ನು ಕಳುಹಿಸಿತು. 1663ರಿಂದ 1673ರ ನಡುವೆ ಹತ್ತಿರಹತ್ತಿರ 800 ಯುವತಿಯರು ರಾಜನ ಖರ್ಚಿನಲ್ಲಿ ಬಂದಿಳಿದರು. ಇತಿಹಾಸದಲ್ಲಿ ಅವರ ಹೆಸರು ‘ರಾಜನ ಪುತ್ರಿಯರು’. ಅವರಲ್ಲಿ ಬಹಳಷ್ಟು ಮಂದಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಎಂಬ ದೊಡ್ಡ ಅನಾಥಾಶ್ರಮದ ತಬ್ಬಲಿಗಳು, ಬಡ ಮನೆಯವರು. ಅನೇಕರಿಗೆ ಮದುವೆಯ ಹೊತ್ತಿಗೆ ರಾಜ 50 ಲಿವ್ರ್‌ಗಳ (ಲಿವ್ರ್ ಅಂದಿನ ಫ್ರೆಂಚ್ ಹಣ) ವರದಕ್ಷಿಣೆ ಕೊಟ್ಟ.

ಈ ಹೆಣ್ಣುಮಕ್ಕಳನ್ನು ಕುರಿತು ಬರೆಯುವವರು ಅವರನ್ನು ಒಂದೋ ಸರಕಿನಂತೆ ನೋಡುತ್ತಾರೆ, ಇಲ್ಲವೇ ನಾಡಿನ ಮಹಾತಾಯಂದಿರಂತೆ ಪೂಜಿಸುತ್ತಾರೆ. ನನಗೆ ಅವರು ಬೇರೆಯಾಗಿ ಕಾಣುತ್ತಾರೆ. ಅಂದು ಕ್ವಿಬೆಕ್‌ನಲ್ಲಿದ್ದ ಉರ್ಸುಲಿನ್ ಸನ್ಯಾಸಿನಿ ಮರಿ ದ ಲಾಂಕಾರ್ನಸಿಯೋಂ ತನ್ನ ಪತ್ರಗಳಲ್ಲಿ ಒಂದು ಸಂಗತಿ ಹೇಳಿದ್ದಾಳೆ: ಈ ಹುಡುಗಿಯರು ಗಂಡನ್ನು ನೋಡುವಾಗ ಮೊದಲು ವಿಚಾರಿಸುವುದು ಅವನಿಗೆ ಮನೆ ಹೊಲ ಇದೆಯೇ ಎಂದು. ಮೈನಸ್ 30 ಡಿಗ್ರಿಯ ಚಳಿ ಬರುವ ನಾಡಿನಲ್ಲಿ, ಹೆತ್ತವರಿಲ್ಲದ ಹುಡುಗಿಯೊಬ್ಬಳು ಅಪರಿಚಿತ ಗಂಡಸಿನ ಮುಂದೆ ಕುಳಿತು ಮೊದಲ ಮಾತಾಗಿ ನಿನ್ನ ಮನೆಗೆ ಸೂರು ಹೊದೆಸಿದೆಯೇ ಎಂದು ಕೇಳುವುದನ್ನು ನೆನೆದಾಗಲೆಲ್ಲ ಆ ಹುಡುಗಿಯ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಒಪ್ಪಂದ ಬರೆಸಿ, ಮನಸ್ಸು ಬದಲಾಗಿ, ಅದನ್ನು ರದ್ದುಪಡಿಸಿ, ಇನ್ನೊಬ್ಬನೊಡನೆ ಬರೆಸಿಕೊಂಡವರೂ ಇದ್ದರು. ಎಲ್ಲವೂ ನೋಟರಿಗಳ ಕಡತಗಳಲ್ಲಿ ಉಳಿದಿದೆ. ಪ್ರತಿಯೊಬ್ಬಳೂ ತನ್ನ ಪರವಾಗಿ ಮಾತನಾಡಿದಳು, ಕೋಲ್ಬೇರ್ ಹೇಳಿದಂತೆಯೇ.

ತಂದೆಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. 1669ರ ಆಜ್ಞೆಯ ಪ್ರಕಾರ ಇಪ್ಪತ್ತರೊಳಗೆ ಮದುವೆಯಾದ ಹುಡುಗನಿಗೂ ಹದಿನಾರರೊಳಗೆ ಮದುವೆಯಾದ ಹುಡುಗಿಗೂ ತಲಾ 20 ಲಿವ್ರ್ ಉಡುಗೊರೆ. ಹತ್ತು ಮಕ್ಕಳಿರುವ ಮನೆಗೆ ವರ್ಷಕ್ಕೆ 300 ಲಿವ್ರ್, ಹನ್ನೆರಡು ಇದ್ದರೆ 400. ಪಾದ್ರಿಯೋ ಸನ್ಯಾಸಿನಿಯೋ ಆದ ಮಕ್ಕಳು ಲೆಕ್ಕಕ್ಕಿಲ್ಲ. ವಯಸ್ಸಿಗೆ ಬಂದ ಮಕ್ಕಳಿಗೆ ಮದುವೆ ಮಾಡದ ತಂದೆಗೆ ದಂಡ. ಯುವತಿಯರ ಹಡಗು ಬಂದ ಹದಿನೈದು ದಿನಗಳಲ್ಲಿ ಮದುವೆಯಾಗದ ಬ್ರಹ್ಮಚಾರಿ ಕಾಡಿಗೆ ಬೇಟೆಗಾಗಲಿ ತುಪ್ಪಳದ ವ್ಯಾಪಾರಕ್ಕಾಗಲಿ ಹೋಗುವಂತಿಲ್ಲ ಎಂದು ತಾಲೋಂ ಕಟ್ಟಳೆ ಮಾಡಿದ. ಮನೆಯ ಹಾಸಿಗೆಯವರೆಗೆ ಬಂದು ನಿಲ್ಲುವ ಇಂಥ ಅಕ್ಕರೆ ನನಗೆ ಉಸಿರುಗಟ್ಟಿಸುತ್ತದೆ.

ಇನ್ನು ನೆಲದ ವಿಚಾರ. ಮಾಂಟ್ರಿಯಲ್‌ನಿಂದ ಕ್ವಿಬೆಕ್ ಕಡೆಗೆ ವಿಮಾನದಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದರೆ ಹೊಲಗಳು ಪಟ್ಟಿಪಟ್ಟಿಯಾಗಿ, ಬಾಚಣಿಗೆಯ ಹಲ್ಲುಗಳಂತೆ, ನದಿಗೆ ತಲೆಯಿಟ್ಟು ಮಲಗಿರುವುದು ಇಂದಿಗೂ ಕಾಣುತ್ತದೆ. ಪ್ರತಿ ಹೊಲದ ಅಗಲ ಸುಮಾರು ಮೂರು ಆರ್ಪಾಂ, ಅಂದರೆ 175 ಮೀಟರ್‌ನಷ್ಟು. ಉದ್ದ ಅದರ ಹತ್ತು ಹನ್ನೆರಡು ಪಟ್ಟು. ನದಿಯೇ ರಸ್ತೆಯಾಗಿದ್ದ ಕಾಲದಲ್ಲಿ ಪ್ರತಿ ಮನೆಗೂ ಒಂದು ತುಂಡು ದಂಡೆ ಬೇಕಿತ್ತು. ಮನೆಗಳು ದಂಡೆಯುದ್ದಕ್ಕೂ ಸಾಲಾಗಿ ನಿಂತವು, ಒಂದು ಮನೆಯ ದೀಪ ಇನ್ನೊಂದು ಮನೆಗೆ ಕಾಣುವಷ್ಟು ಹತ್ತಿರ. ನೆಲವನ್ನು ರಾಜ ಸೆನ್ಯೂರ್ ಎಂಬ ಜಹಗೀರುದಾರನಿಗೆ ಕೊಡುತ್ತಿದ್ದ, ಅವನು ಸಾಗುವಳಿದಾರರಿಗೆ ಹಂಚಬೇಕಿತ್ತು. ಸಾಗುವಳಿದಾರ ವರ್ಷಕ್ಕೊಮ್ಮೆ ಸಣ್ಣ ಗೇಣಿ ಕೊಡಬೇಕು, ಸೆನ್ಯೂರನ ಗಿರಣಿಯಲ್ಲೇ ಹಿಟ್ಟು ಬೀಸಿಸಿ ಹದಿನಾಲ್ಕರಲ್ಲಿ ಒಂದು ಪಾಲು ಅಲ್ಲೇ ಬಿಡಬೇಕು, ಭೂಮಿ ಮಾರಿದರೆ ಕೊಂಡವನು ಬೆಲೆಯ ಹನ್ನೆರಡನೇ ಒಂದು ಭಾಗ ತೆರಬೇಕು. ಫ್ರಾನ್ಸಿನ ರೈತನ ಬೆನ್ನು ಮುರಿಯುತ್ತಿದ್ದ ‘ತಾಯ್’ ಎಂಬ ರಾಜಕಂದಾಯ ಮಾತ್ರ ಇಲ್ಲಿರಲಿಲ್ಲ. ಈ ಜನ ತಮ್ಮನ್ನು ರೈತ ಎಂದು ಕರೆದರೆ ಒಪ್ಪುತ್ತಿರಲಿಲ್ಲ. ಆ ಪದಕ್ಕೆ ಫ್ರಾನ್ಸಿನ ಗುಲಾಮಗಿರಿಯ ವಾಸನೆಯಿತ್ತು. ನಾವು ಅಬಿತಾಂ, ನಿವಾಸಿಗಳು ಎನ್ನುತ್ತಿದ್ದರು. ಈ ಜಹಗೀರು ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1854ರಲ್ಲಿ. ಅದರಿಂದ ಉಳಿದ ಬಾಕಿಯ ಕೊನೆಯ ಕಂತು ತೀರಿದ್ದು 1970ರಲ್ಲಿ ಎಂದು ತಿಳಿದ ದಿನ ನಾನು ಬಹಳ ಹೊತ್ತು ನಮ್ಮೂರಿನ ಗೇಣಿದಾರರನ್ನೂ 1974ರ ಭೂಸುಧಾರಣೆಯನ್ನೂ ನೆನೆಯುತ್ತಾ ಕುಳಿತಿದ್ದೆ.

ಸೆನ್ಯೂರರು ಭೂಮಿಯನ್ನು ಕೂಡಿಟ್ಟುಕೊಂಡು ಬೆಲೆ ಏರಿಸಲು ನೋಡಿದಾಗ ಅರಮನೆ ಸುಮ್ಮನಿರಲಿಲ್ಲ. ಇಂಟೆಂಡೆಂಟ್ ಜಾಕ್ ರೊದೋ ಅವರ ಅತಿರೇಕಗಳನ್ನು 1707ರಲ್ಲೇ ಮಂತ್ರಿಗೆ ಬರೆದು ತಿಳಿಸಿದ. 1711ರ ಮಾರ್ಲಿ ಆಜ್ಞೆಗಳು ಕೇಳಿದವರಿಗೆ ಸೆನ್ಯೂರ್ ಮುಂಗಡ ಹಣ ಪಡೆಯದೆ ಭೂಮಿ ಕೊಡಲೇಬೇಕು, ಇಲ್ಲವಾದರೆ ಸರ್ಕಾರವೇ ಕೊಡುತ್ತದೆ ಎಂದವು. ಪಡೆದವನು ವರ್ಷದೊಳಗೆ ಅಲ್ಲಿ ನೆಲೆಸಿ ಕಾಡು ಕಡಿಯದಿದ್ದರೆ ಅವನೂ ಅದನ್ನು ಕಳೆದುಕೊಳ್ಳುತ್ತಿದ್ದ. ವಕೀಲರಿಗೆ ಈ ವಸಾಹತಿನಲ್ಲಿ ಪ್ರವೇಶವಿರಲಿಲ್ಲ. ಬೇಲಿ ಜಗಳವಾಗಲಿ ಸಾಲದ ತಕರಾರಾಗಲಿ, ಅಬಿತಾಂ ನೇರವಾಗಿ ಇಂಟೆಂಡೆಂಟನ ಮುಂದೆ ನಿಂತು ಹೇಳಿಕೊಳ್ಳಬಹುದಿತ್ತು. ಪ್ಯಾರಿಸ್ ಪ್ರಾಂತ್ಯದ ರೂಢಿ ಕಾನೂನೇ ಇಲ್ಲಿಯೂ ಕಾನೂನು. ಅದರ ಪ್ರಕಾರ ಸಾಮಾನ್ಯರ ಮನೆಯಲ್ಲಿ ಗಂಡು ಹೆಣ್ಣೆನ್ನದೆ ಮಕ್ಕಳೆಲ್ಲರಿಗೂ ಸಮಪಾಲು. ದಂಪತಿ ಗಳಿಸಿದ್ದರಲ್ಲಿ ಅರ್ಧ ವಿಧವೆಗೆ. ಸಂಸಾರ ನಡೆಯುವಾಗ ಮಾತ್ರ ಯಜಮಾನಿಕೆ ಪೂರ್ತಿ ಗಂಡನದು. ಒಬ್ಬೊಬ್ಬರಾಗಿ ಬಂದವರಿಗೆ ಈ ಸರ್ಕಾರ ಕಿವಿಗೊಡುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅಂದಿನ ಜಗತ್ತಿನಲ್ಲಿ ಅದು ಸಣ್ಣ ಸಂಗತಿಯಲ್ಲ.

ಒಟ್ಟಾಗಿ ಬಂದಾಗ ಏನಾಗುತ್ತಿತ್ತು?

ಮುದ್ರಣಯಂತ್ರ ಫ್ರೆಂಚರ ಕಾಲದುದ್ದಕ್ಕೂ ಈ ವಸಾಹತಿಗೆ ಬರಲೇ ಇಲ್ಲ. ಮೊದಲ ಪತ್ರಿಕೆ ಅಚ್ಚಾದದ್ದು 1764ರಲ್ಲಿ, ಬ್ರಿಟಿಷರು ಬಂದ ಮೇಲೆ. ಆಜ್ಞೆ ಊರಿಗೆ ತಲುಪುತ್ತಿದ್ದದ್ದು ಕಿವಿಯ ಮೂಲಕ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ಅದನ್ನು ಓದಿ ಹೇಳುತ್ತಿದ್ದವನು ನಾಡಪಡೆಯ ಕ್ಯಾಪ್ಟನ್. ಅವನೂ ಆ ಊರಿನವನೇ, ಅಬಿತಾಂಗಳಲ್ಲಿ ಒಬ್ಬ. ಸಂಬಳವಿಲ್ಲ, ಗೌರವವಿದೆ. ಗಂಡಸರಿಗೆ ಕವಾಯತು ಮಾಡಿಸುವುದು, ರಾಜರಸ್ತೆಗೆ ಬಿಟ್ಟಿ ಆಳು ಒದಗಿಸುವುದು ಅವನ ಹೊಣೆ. ನಮ್ಮ ಹಳ್ಳಿಯ ಪಟೇಲರನ್ನು ಬಲ್ಲವರಿಗೆ ಈ ಮನುಷ್ಯನ ಇಕ್ಕಟ್ಟು ತಕ್ಷಣ ತಿಳಿಯುತ್ತದೆ. ಅವನು ಮೇಲಿನ ಮಾತನ್ನು ಕೆಳಗೆ ತರಬೇಕು. ಕೆಳಗಿನ ಮಾತನ್ನು ಮೇಲೆ ಒಯ್ಯುವುದು ಅವನ ಅಧಿಕೃತ ಕೆಲಸವಲ್ಲ.

ಆದರೂ ಮಾತು ಮೇಲೆ ಹೋಗುತ್ತಿತ್ತು. ಬಿಷಪ್ ಲಾವಾಲ್ ಬೆಳೆಯ ಹದಿಮೂರನೇ ಒಂದು ಭಾಗವನ್ನು ಚರ್ಚಿಗೆ ಕೊಡಬೇಕೆಂದು 1663ರಲ್ಲಿ ನಿಗದಿ ಮಾಡಿದ. ಜನ ಕೊಡಲಿಲ್ಲ. ಸಭೆ ಸೇರಿ ನಿರ್ಣಯ ಮಾಡಲಿಲ್ಲ, ಪ್ರತಿನಿಧಿಯನ್ನು ಕಳುಹಿಸಲಿಲ್ಲ. ಬರೀ ಕೊಡಲಿಲ್ಲ. 1667ರಲ್ಲಿ ಅದು ಇಪ್ಪತ್ತಾರನೇ ಒಂದು ಭಾಗಕ್ಕೆ, ಅಂದರೆ ನೇರ ಅರ್ಧಕ್ಕೆ ಇಳಿಯಿತು, ಮುಂದೆಂದೂ ಏರಲಿಲ್ಲ. ಕಾಳು ಬಿಟ್ಟು ಅಗಸೆ ಮುಂತಾದ ಬೆಳೆಗಳ ಮೇಲೂ ಅದನ್ನು ಹೇರಲು 1705ರಲ್ಲಿ ಕೆಲವು ಪಾದ್ರಿಗಳು ಯತ್ನಿಸಿದಾಗ ಕೌನ್ಸಿಲ್ ತಡೆಯಿತು. 1709ರಲ್ಲಿ ಒಬ್ಬ ಅಬಿತಾಂ ಎರಡು ಕುದುರೆ ಮತ್ತು ಒಂದು ಮರಿಗಿಂತ ಹೆಚ್ಚು ಸಾಕುವಂತಿಲ್ಲ ಎಂದು ರೊದೋ ಆಜ್ಞೆ ಹೊರಡಿಸಿದ. ಕುದುರೆ ಬಂದರೆ ಜನ ಹಿಮದಲ್ಲಿ ನಡೆಯುವುದನ್ನು ಮರೆಯುತ್ತಾರೆ, ಸೈನಿಕರಾಗಿ ಕೆಲಸಕ್ಕೆ ಬಾರದವರಾಗುತ್ತಾರೆ ಎಂಬ ಚಿಂತೆ ಅಧಿಕಾರಿಗಳಿಗಿತ್ತು. ಜನ ಆಜ್ಞೆಯನ್ನು ಚರ್ಚಿನ ಬಾಗಿಲಲ್ಲಿ ಕೇಳಿಸಿಕೊಂಡು ಕುದುರೆಗಾಡಿ ಏರಿ ಮನೆಗೆ ಹೋದರು. ಪರವಾನಗಿಯಿಲ್ಲದೆ ತುಪ್ಪಳಕ್ಕಾಗಿ ಕಾಡು ಸೇರುತ್ತಿದ್ದ ಯುವಕರನ್ನು ದಂಡ, ಚಾಟಿ ಯಾವುದೂ ತಡೆಯಲಾಗಲಿಲ್ಲ. ಗೊಣಗಾಟ, ವಿಳಂಬ, ಕಣ್ಮರೆ, ಇವೇ ಆ ಜನರ ಸಭೆಗಳು. ಎಲ್ಲರೂ ಒಂದೇ ಮಾತನ್ನು ಬಿಡಿಬಿಡಿಯಾಗಿ ಆಡಿದರೆ ಮಂತ್ರಿಯ ಸೂತ್ರ ಕೈಕೊಡುತ್ತದೆ ಎಂದು ಅವರು ಬೇಗ ಕಲಿತರು.

ಗುಂಪಾಗಿ ನಿಂತದ್ದೂ ಉಂಟು. 1757ರ ಚಳಿಗಾಲದಲ್ಲಿ, ಬ್ರಿಟಿಷರೊಡನೆ ಯುದ್ಧ ಮತ್ತು ಬೆಳೆನಾಶದಿಂದ ಬ್ರೆಡ್ಡಿಗೆ ತತ್ವಾರವಾಗಿ, ಸರ್ಕಾರ ಕುದುರೆ ಮಾಂಸ ಹಂಚತೊಡಗಿತು. ಮಾಂಟ್ರಿಯಲ್‌ನ ಹೆಂಗಸರು ಗವರ್ನರ್ ವೋದ್ರೈನ ಮನೆಯ ಮುಂದೆ ನೆರೆದರು. ಕುದುರೆ ಮನುಷ್ಯನ ಗೆಳೆಯ, ಅದನ್ನು ತಿನ್ನುವುದಕ್ಕಿಂತ ಸಾಯುವುದೇ ಮೇಲು ಎಂದರು. ಮತ್ತೆ ಹೀಗೆ ಗುಂಪುಗೂಡಿದರೆ ಎಲ್ಲರನ್ನೂ ಜೈಲಿಗೆ ಹಾಕಿ ಅರ್ಧದಷ್ಟು ಮಂದಿಯನ್ನು ಗಲ್ಲಿಗೇರಿಸುತ್ತೇನೆ ಎಂದು ವೋದ್ರೈ ಗದರಿಸಿದ. ಕೋಲ್ಬೇರನ ಸಾಲು ಬರೆದು ಎಂಬತ್ತನಾಲ್ಕು ವರ್ಷವಾದ ಮೇಲೂ ಗವರ್ನರನನ್ನು ಕೆರಳಿಸಿದ್ದು ಅವರು ಬೇಡಿದ ಬ್ರೆಡ್ಡಿಗಿಂತ ಹೆಚ್ಚಾಗಿ ಅವರು ಕೂಡಿ ಬಂದದ್ದು ಎಂದು ನನಗೆ ತೋರುತ್ತದೆ.

ಇದೇ ಊರಿನಲ್ಲಿ, ಎಲ್ಲರ ಪರವಾಗಿ ಮಾತನಾಡುವುದನ್ನು ಬದುಕಿನ ಪರಮ ಕಲೆಯಾಗಿ ಬೆಳೆಸಿಕೊಂಡ ಜನರೂ ಇದ್ದರು. ಅವರು ರಾಜನ ಪ್ರಜೆಗಳಲ್ಲ. ಫ್ರೆಂಚ್ ಗವರ್ನರನನ್ನು ಮೂಲನಿವಾಸಿ ರಾಷ್ಟ್ರಗಳು ‘ಒನೊಂತಿಯೋ’ ಎಂದು ಕರೆಯುತ್ತಿದ್ದವು, ಮಹಾಪರ್ವತ ಎಂದು ಅರ್ಥ. ಹಿಂದೆ ಮೋಂಮಾನ್ಯಿ ಎಂಬ ಗವರ್ನರನಿದ್ದ, ಅವನ ಹೆಸರಿನ ಅನುವಾದ ಅದು. ಆಮೇಲೆ ಬಂದವರೆಲ್ಲರಿಗೂ ಅದೇ ಬಿರುದಾಯಿತು. ಅವನನ್ನು ಅಪ್ಪ ಎಂದೂ ಕರೆಯುತ್ತಿದ್ದರು. ಫ್ರೆಂಚರು ಇದನ್ನು ಕೇಳಿ ಹಿಗ್ಗಿದರು, ಏಕೆಂದರೆ ಅವರ ಕಾನೂನಿನಲ್ಲಿ ಅಪ್ಪನೆಂದರೆ ಆಜ್ಞಾಪಿಸುವವನು. ಆದರೆ ಇರಾಕ್ವಾ ಮತ್ತು ವೆಂಡಟ್ ಜನರದು ತಾಯಿಯ ಕಡೆಯ ವಂಶ. ಮಕ್ಕಳ ಮೇಲೆ ಅಧಿಕಾರವಿರುವುದು ತಾಯಿಯ ಮನೆಗೆ, ಸೋದರಮಾವನಿಗೆ. ಅಪ್ಪನಾದವನು ಪ್ರೀತಿಸಬೇಕು, ಉಡುಗೊರೆ ಕೊಡಬೇಕು, ಗದರಿಸಕೂಡದು. ಅಳಿಯಸಂತಾನ ಕಟ್ಟಿನ ಮನೆಗಳನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಪದವನ್ನು ಎರಡು ಕಡೆಯವರೂ ಎರಡು ಅರ್ಥದಲ್ಲಿ ಹಿಡಿದುಕೊಂಡು ನೂರು ವರ್ಷ ಮೈತ್ರಿ ನಡೆಸಿದರು.

1701ರ ಬೇಸಿಗೆಯಲ್ಲಿ ಸುಮಾರು 39 ರಾಷ್ಟ್ರಗಳ ಸುಮಾರು 1,300 ಪ್ರತಿನಿಧಿಗಳು ದೋಣಿಗಳಲ್ಲಿ ಮಾಂಟ್ರಿಯಲ್‌ಗೆ ಬಂದರು. ದಶಕಗಳ ಯುದ್ಧ ಮುಗಿಸುವ ಮಹಾಶಾಂತಿಯ ಮಾತುಕತೆ. ವೆಂಡಟ್ ನಾಯಕ ಕೊಂದಿಯಾರೋಂಕ್ ಅದರ ಜೀವಾಳ. ಆಗಸ್ಟ್ 1ರಂದು ಅವನಿಗೆ ವಿಪರೀತ ಜ್ವರ, ನಿಲ್ಲಲಾಗದೆ ಕುರ್ಚಿಯಲ್ಲಿ ಕುಳಿತು ಮಾತನಾಡಿದ. ಆ ರಾತ್ರಿಯೇ ತೀರಿಕೊಂಡ. ಗವರ್ನರ್ ಕಾಲಿಯೇರ್ ದೊಡ್ಡ ಮೆರವಣಿಗೆಯಲ್ಲಿ ಅವನ ಅಂತ್ಯಸಂಸ್ಕಾರ ಮಾಡಿಸಿದ. ಆಗಸ್ಟ್ 4ರಂದು ರಾಷ್ಟ್ರಗಳ ನಾಯಕರು ತಂತಮ್ಮ ಕುಲದ ಪ್ರಾಣಿ ಪಕ್ಷಿಗಳ ಚಿತ್ರ ಬರೆದು ಒಪ್ಪಂದಕ್ಕೆ ರುಜು ಹಾಕಿದರು. ಆ ಹಾಳೆಯ ಚಿತ್ರವನ್ನು ಮೊದಲು ನೋಡಿದಾಗ ನನ್ನ ಕಣ್ಣಿಗೆ ಬಂದದ್ದು ತಾತನ ಟ್ರಂಕಿನ ಹೆಬ್ಬೆಟ್ಟಿನ ಗುರುತುಗಳು. ಪ್ರತಿ ಗುರುತಿನ ಹಿಂದೆಯೂ ಮಾತನಾಡಿ, ವಾದಿಸಿ, ಒಪ್ಪಿದ ಜನರಿದ್ದರು. ಅಂದು ಅಲ್ಲಿ ನಿಂತು ನೋಡುತ್ತಿದ್ದ ಫ್ರೆಂಚ್ ಅಬಿತಾಂಗಳಿಗೆ ಆ ಹಾಳೆಯ ಮೇಲೆ ಗುರುತು ಹಾಕುವ ಒಬ್ಬ ತಮ್ಮವನೂ ಇರಲಿಲ್ಲ.

ತನ್ನ ಪರವಾಗಿಯೂ ಮಾತನಾಡಲಾಗದವರ ವಿಷಯಕ್ಕೆ ಬರುತ್ತೇನೆ. ಸೆನ್ಯೂರರ ಅತಿರೇಕದ ವಿರುದ್ಧ ಬರೆದ ಅದೇ ರೊದೋ, 1709ರ ಏಪ್ರಿಲ್ 13ರಂದು ಇನ್ನೊಂದು ಆಜ್ಞೆ ಹೊರಡಿಸಿದ: ಹಣ ಕೊಟ್ಟು ಕೊಂಡ ಕಪ್ಪು ಜನರು ಮತ್ತು ‘ಪಾನಿ’ ಎಂದು ಕರೆಯಲಾಗುತ್ತಿದ್ದ ಮೂಲನಿವಾಸಿ ಸೆರೆಯಾಳುಗಳು ಕೊಂಡವರ ಸಂಪೂರ್ಣ ಸೊತ್ತು. ಚರಿತ್ರಕಾರ ಮಾರ್ಸೆಲ್ ತ್ರ್ಯುದೆಲ್ ಚರ್ಚು ಮತ್ತು ನೋಟರಿ ದಾಖಲೆಗಳನ್ನು ಜಾಲಾಡಿ ಇಲ್ಲಿ ಗುಲಾಮರಾಗಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಪಟ್ಟಿ ಮಾಡಿದ್ದಾನೆ. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೂಲನಿವಾಸಿಗಳು. ಇದು ಕಬ್ಬಿನ ತೋಟಗಳ ಗುಲಾಮಗಿರಿಯಲ್ಲ, ಅಡುಗೆಮನೆಗಳದ್ದು. ಹಾಗೆಂದು ಇದನ್ನು ಮೃದು ಎನ್ನುವವರ ಮಾತು ನನಗೆ ಸಹಿಸದು.

ಮಾಂಟ್ರಿಯಲ್‌ನ ಸೇಂಟ್ ಪಾಲ್ ಬೀದಿಯಲ್ಲಿ, ವ್ಯಾಪಾರಿಯೊಬ್ಬನ ವಿಧವೆಯ ಮನೆಯಲ್ಲಿ, ಪೋರ್ಚುಗಲ್‌ನಲ್ಲಿ ಹುಟ್ಟಿದ ಕಪ್ಪು ಯುವತಿಯೊಬ್ಬಳಿದ್ದಳು. ಅವಳಿಗೆ ಒಡೆಯರು ಕೊಟ್ಟ ಹೆಸರು ಮರಿ ಜೋಸೆಫ್ ಅಂಜೆಲಿಕ್. ಅವಳನ್ನು 600 ಪೌಂಡ್ ಬಂದೂಕಿನ ಮದ್ದಿಗೆ ಬದಲಾಗಿ ಕ್ವಿಬೆಕ್‌ನ ಒಬ್ಬನಿಗೆ ಮಾರುವ ಮಾತಾಗಿತ್ತು. ಆ ಚಳಿಗಾಲದಲ್ಲಿ ಅವಳು ತನ್ನ ಪ್ರಿಯಕರನಾದ ಬಿಳಿಯ ಜೀತದಾಳು ಕ್ಲೋದ್ ತಿಬೋನೊಂದಿಗೆ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದಿದ್ದಳು. 1734ರ ಏಪ್ರಿಲ್ 10ರ ಸಂಜೆ ಆ ಮನೆಯಿಂದ ಎದ್ದ ಬೆಂಕಿ ಆಸ್ಪತ್ರೆಯೂ ಸೇರಿ 46 ಕಟ್ಟಡಗಳನ್ನು ಸುಟ್ಟಿತು. ಮರುದಿನವೇ ಅವಳನ್ನು ಬಂಧಿಸಿದರು. ತಿಬೋ ಕಣ್ಮರೆಯಾದ, ಮತ್ತೆ ಸಿಗಲಿಲ್ಲ. ವಿಚಾರಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಕ್ಷಿಗಳು. ಬೆಂಕಿ ಹಚ್ಚಿದ್ದನ್ನು ಕಂಡವರು ಯಾರೂ ಇಲ್ಲ, ಕೊನೆಗೆ ಐದು ವರ್ಷದ ಮಗುವೊಂದು ಅವಳು ಕೆಂಡ ತೆಗೆದುಕೊಂಡು ಹೋಗುವುದನ್ನು ನೋಡಿದೆ ಎಂದಿತು. ವಕೀಲರಿಲ್ಲದ ವಸಾಹತು. ಅವಳು ಒಬ್ಬಳೇ ಉತ್ತರಿಸಿದಳು. ವಾರಗಟ್ಟಲೆ ನಾನಲ್ಲ ಎಂದಳು. ಕ್ವಿಬೆಕ್‌ನ ಕೌನ್ಸಿಲ್ ಜೀವಂತ ಸುಡುವ ಶಿಕ್ಷೆಯನ್ನು ಗಲ್ಲಿಗೆ ಇಳಿಸಿತು, ಆದರೆ ಚಿತ್ರಹಿಂಸೆಯನ್ನು ಉಳಿಸಿತು. ಕಾಲಿನ ಮೂಳೆ ಪುಡಿ ಮಾಡುವ ಹಲಗೆಗಳ ನಡುವೆ ಅವಳು ನಾನೇ ಎಂದಳು, ಬೇರೆ ಯಾರ ಹೆಸರನ್ನೂ ಹೇಳಲಿಲ್ಲ. ಜೂನ್ 21ರಂದು ಅವಳನ್ನು ಗಲ್ಲಿಗೇರಿಸಿದವನು ಮಾತ್ಯೂ ಲೆವೇಯೆ, ಮಾರ್ಟಿನಿಕ್ ದ್ವೀಪದಿಂದ ಈ ಕೆಲಸಕ್ಕೆಂದೇ ಕೊಂಡು ತಂದ ಕಪ್ಪು ಗುಲಾಮ.

ಬೆಂಕಿ ಹಚ್ಚಿದವಳು ಅವಳೇ ಎಂಬುದರ ಬಗ್ಗೆ ಚರಿತ್ರಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅವಳ ಉತ್ತರಗಳನ್ನು ಗುಮಾಸ್ತ ಬರೆದಿಟ್ಟ ಹಾಳೆಗಳು ಉಳಿದಿವೆ. ಆ ಕಾಲದ ಸಾವಿರಾರು ಗುಲಾಮರಲ್ಲಿ ನಮಗೆ ಇಷ್ಟು ವಿವರವಾಗಿ ದನಿ ಕೇಳಿಸುವವಳು ಅವಳೊಬ್ಬಳು, ಅದೂ ಕೊಲ್ಲುವುದಕ್ಕಾಗಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರವಾಗಿ. ಇಂದು ನಗರಸಭೆಯ ಕಟ್ಟಡದ ಎದುರಿಗೆ ಅವಳ ಹೆಸರಿನ ಒಂದು ಚೌಕವಿದೆ. ಕೆಲಸ ಮುಗಿಸಿ ಮೆಟ್ರೋ ಹಿಡಿಯಲು ನಾನು ಆ ಮೂಲಕ ಹೋಗುತ್ತೇನೆ.

1760ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸೇನೆಗಳು ಮೂರು ದಿಕ್ಕಿನಿಂದ ಬಂದು ಮಾಂಟ್ರಿಯಲ್ ಅನ್ನು ಸುತ್ತುವರಿದವು. ಕ್ವಿಬೆಕ್ ಹಿಂದಿನ ವರ್ಷವೇ ಬಿದ್ದಿತ್ತು. ಶರಣಾಗತಿಯ ಷರತ್ತುಗಳನ್ನು ಬರೆಯಬೇಕಾದವನು ಕುದುರೆ ಮಾಂಸದ ಆ ವೋದ್ರೈಯೇ. ಅವನು 1698ರಲ್ಲಿ ಕ್ವಿಬೆಕ್‌ನಲ್ಲಿ ಹುಟ್ಟಿದವನು, ಈ ನೆಲದಲ್ಲೇ ಹುಟ್ಟಿ ಗವರ್ನರ್ ಜನರಲ್ ಆದ ಮೊದಲಿಗ. ಸೆಪ್ಟೆಂಬರ್ 8ರಂದು ಅವನು ಮುಂದಿಟ್ಟ 55 ಷರತ್ತುಗಳು ಈ ವಸಾಹತಿನ ಕೊನೆಯ ಅರ್ಜಿ. ನೂರು ವರ್ಷಗಳ ಬಳಿಕ ಕಡೆಗೂ ಒಬ್ಬ ಎಲ್ಲರ ಪರವಾಗಿ ಮಾತನಾಡುತ್ತಿದ್ದ. ಜನ ತಮ್ಮ ಧರ್ಮವನ್ನು ಆಚರಿಸಲಿ ಎಂದು ಕೇಳಿದ, ಬ್ರಿಟಿಷ್ ಸೇನಾಪತಿ ಆಮ್ಹರ್ಸ್ಟ್ ಒಪ್ಪಿದ. ಫ್ರಾನ್ಸಿನ ವಿರುದ್ಧ ಆಯುಧ ಹಿಡಿಯುವಂತೆ ಅವರನ್ನು ಒತ್ತಾಯಿಸಬಾರದು ಎಂದು 41ನೇ ಷರತ್ತಿನಲ್ಲಿ ಕೇಳಿದ. ಅವರು ಬ್ರಿಟಿಷ್ ರಾಜನ ಪ್ರಜೆಗಳಾಗುತ್ತಾರೆ ಎಂದಷ್ಟೇ ಉತ್ತರ ಬಂತು. ಪ್ಯಾರಿಸ್ಸಿನ ರೂಢಿ ಕಾನೂನಿನಂತೆಯೇ ಅವರನ್ನು ಆಳಬೇಕು ಎಂದು 42ನೆಯದರಲ್ಲಿ ಕೇಳಿದ. ಮೇಲಿನ ಉತ್ತರವೇ ಇದಕ್ಕೂ ಎಂದ ಆಮ್ಹರ್ಸ್ಟ್.

47ನೇ ಷರತ್ತು ಕಪ್ಪು ಜನರದ್ದು ಮತ್ತು ಪಾನಿಗಳದ್ದು. ಗಂಡಸರೂ ಹೆಂಗಸರೂ ಈಗಿನ ಒಡೆಯರ ಬಳಿ ಗುಲಾಮರಾಗಿಯೇ ಉಳಿಯಬೇಕು, ಅವರನ್ನು ಇಟ್ಟುಕೊಳ್ಳುವ ಇಲ್ಲವೇ ಮಾರುವ ಹಕ್ಕು ಒಡೆಯರಿಗಿರಬೇಕು ಎಂದು ವೋದ್ರೈ ಕೇಳಿದ. ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಿಟ್ಟು, ಒಪ್ಪಿದೆ ಎಂದು ಆಮ್ಹರ್ಸ್ಟ್ ಅದರ ಕೆಳಗೆ ಬರೆದ.